ಇಂಗ್ಲಿಷಿನ ಸುಂಕದಕಟ್ಟೆ

ಕನ್ನಡ ಮೇಷ್ಟರಿಗೆ ಮ್ಯಾನೇಜ್‌ಮೆಂಟಿನ ಉಸಾಬರಿ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಹಳಗನ್ನಡದ ಪದ್ಯಗಳಿಗೆ ಅರ್ಥ ಹೇಳಿಕೊಂಡು, ನವೆಂಬರಿನಲ್ಲಿ ಒಂದೆರಡು ಭಾಷಣ ಮಾಡಿಕೊಂಡು ಇರಬೇಕಾದವರು ನಾವು. ಲಾಭನಷ್ಟದ ವಿದ್ಯೆ ನಮ್ಮ ಸೀಮೆಯದಲ್ಲ ಎಂಬುದು ಲೋಕದ ಎಣಿಕೆ. ಆದರೆ ಅದೇ ನವೆಂಬರಿನ ಕೊನೆಯಲ್ಲಿ, ರಾಜ್ಯೋತ್ಸವದ ತೋರಣಗಳು ಇನ್ನೂ ಒಣಗುತ್ತಿರುವಾಗಲೇ, ಒಂದು ಭಾನುವಾರ ದೇಶದ ಸುಮಾರು ಮೂರು ಲಕ್ಷ ತರುಣ ತರುಣಿಯರು ಒಂದು ಪರೀಕ್ಷೆಗೆ ಕೂಡುತ್ತಾರೆ. ‘ಕಾಮನ್ ಅಡ್ಮಿಷನ್ ಟೆಸ್ಟ್’ ಎಂಬುದು ಅದರ ಪೂರ್ಣ ನಾಮಧೇಯ. ‘ಕ್ಯಾಟ್’ ಎಂಬುದು ಕರೆಯುವ ಹೆಸರು. ಐಐಎಂ ಎಂದು ಹೆಸರಾದ ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳಿಗೂ, ಅವುಗಳ ಹೊರಗಿನ ಇನ್ನೆಷ್ಟೋ ಕಾಲೇಜುಗಳಿಗೂ ಅದೇ ಹೆಬ್ಬಾಗಿಲು. ಆ ಬಾಗಿಲಿನಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ತಮಿಳಿನದಿಲ್ಲ, ತೆಲುಗಿನದಿಲ್ಲ, ಹಿಂದಿಯದೂ ಇಲ್ಲ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಹೆಸರು ‘ಕಾಮನ್’, ಎಂದರೆ ಎಲ್ಲರಿಗೂ ಸಾಮಾನ್ಯವಾದದ್ದು. ಯಾರಿಗೆ ಸಾಮಾನ್ಯ ಎಂದು ಕೇಳುವ ಅಧಿಕಾರ ಭಾಷೆ ಕಲಿಸುವವನಿಗೆ ಇಲ್ಲವಾದರೆ ಮತ್ತಾರಿಗೆ ಇದ್ದೀತು?

ಮೊದಲು ನಿಯಮಗಳನ್ನು ನೋಡೋಣ. ಕಾಗದದ ಮೇಲೆ ಅವು ಬಹಳ ಉದಾರವಾಗಿವೆ. ಯಾವುದಾದರೂ ಅಂಗೀಕೃತ ವಿಶ್ವವಿದ್ಯಾನಿಲಯದ ಪದವಿ ಇರಬೇಕು. ಅದರಲ್ಲಿ ನೂರಕ್ಕೆ 50 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ ಪಂಗಡದವರಿಗೂ ಅಂಗವಿಕಲರಿಗೂ 45 ಸಾಕು. ಯಾವ ಮಾಧ್ಯಮದಲ್ಲಿ ಓದಿದೆ ಎಂದು ಯಾರೂ ಕೇಳುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಬಿ.ಕಾಂ. ಓದಿದವನೂ ಅರ್ಜಿ ಹಾಕಬಹುದು, ಶುಲ್ಕ ಕಟ್ಟಬಹುದು. ನಿಜವಾದ ನಿಯಮ ಪರೀಕ್ಷೆಯ ಹೊಟ್ಟೆಯೊಳಗಿದೆ. 2024ರ ಪರೀಕ್ಷೆಯಲ್ಲಿದ್ದುದು ಒಟ್ಟು 68 ಪ್ರಶ್ನೆಗಳು, ಎರಡು ಗಂಟೆಯ ಅವಧಿ. ಅದರಲ್ಲಿ 24 ಪ್ರಶ್ನೆಗಳು ಇಂಗ್ಲಿಷನ್ನು ಓದಿ ಅರ್ಥಮಾಡಿಕೊಳ್ಳುವ ಭಾಗಕ್ಕೆ ಮೀಸಲು. ಅದಕ್ಕೆ ನಲವತ್ತು ನಿಮಿಷ. ಉಳಿದ ಎರಡು ಭಾಗಗಳು ತರ್ಕಕ್ಕೂ ಗಣಿತಕ್ಕೂ ಸೇರಿದವು. ಆದರೆ ಅವುಗಳನ್ನು ಕೇಳುವುದೂ ಇಂಗ್ಲಿಷಿನಲ್ಲಿಯೇ. ಅದೂ ಸಾಲದೆಂದು, ಒಟ್ಟು ಅಂಕ ಎಷ್ಟೇ ಬಂದರೂ ಮೂರು ಭಾಗಗಳಲ್ಲಿ ಪ್ರತಿಯೊಂದರಲ್ಲಿಯೂ ಕನಿಷ್ಠ ಇಷ್ಟು ಶ್ರೇಣಿ ಇರಲೇಬೇಕೆಂದು ಈ ಸಂಸ್ಥೆಗಳು ಗೆರೆ ಎಳೆಯುತ್ತವೆ. ಗಣಿತದಲ್ಲಿ ರಾಮಾನುಜನ್ನರ ಸಂತತಿಯವನಾದರೂ ಸರಿಯೆ, ಇಂಗ್ಲಿಷಿನ ಗೆರೆಯಲ್ಲಿ ಮುಗ್ಗರಿಸಿದರೆ ಅವನು ಹೊರಗೆ.

ಆ ಇಪ್ಪತ್ತನಾಲ್ಕು ಪ್ರಶ್ನೆಗಳಾದರೂ ಎಂಥವು? ವ್ಯಾಪಾರದ ಕಾಗದ ಬರೆಯಲು, ಕರಾರುಪತ್ರ ಓದಲು ಬರುತ್ತದೆಯೇ ಎಂದು ನೋಡುವಂಥವಲ್ಲ. ತತ್ತ್ವಶಾಸ್ತ್ರ, ಮಾನವಶಾಸ್ತ್ರ, ಕಲಾವಿಮರ್ಶೆ ಇತ್ಯಾದಿಗಳ ಮೇಲೆ ಹೊರದೇಶದ ಪತ್ರಿಕೆಗಳಲ್ಲಿ ಬರುವ ಮಾದರಿಯ ಪ್ರಬಂಧಗಳ ತುಣುಕುಗಳನ್ನು ಕೊಟ್ಟು, ಲೇಖಕನ ಇಂಗಿತ ಈ ನಾಲ್ಕರಲ್ಲಿ ಯಾವುದು ಎಂದು ಕೇಳುತ್ತಾರೆ. ಇದು ಬುದ್ಧಿಯ ಪರೀಕ್ಷೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸೂಕ್ಷ್ಮವಾಗಿ ಓದುವುದನ್ನು ಕಲಿಸುವುದೇ ನನ್ನ ಕಸುಬು. ಆದರೆ ಸೂಕ್ಷ್ಮವಾಗಿ ಓದುವ ಶಕ್ತಿ ಬೇರೆ, ಆ ಓದನ್ನು ಮನೆಮಾತಲ್ಲದ ಭಾಷೆಯಲ್ಲಿ ಗಡಿಯಾರದ ಮುಳ್ಳಿನೊಡನೆ ಓಡಿಸುವ ಶಕ್ತಿ ಬೇರೆ. ಎರಡನೆಯದು ಬಹುಮಟ್ಟಿಗೆ ಹುಟ್ಟಿದ ಮನೆಯಿಂದಲೂ ಸೇರಿದ ಶಾಲೆಯಿಂದಲೂ ಬರುವಂಥದು. ಅದನ್ನು ಅಳೆದು ಮೊದಲನೆಯದನ್ನು ಅಳೆದೆವೆಂದು ಹೇಳುವುದು ಸೇರಿನಲ್ಲಿ ಬಟ್ಟೆ ಅಳೆದ ಹಾಗೆ.

ನನ್ನ ತರಗತಿಯಲ್ಲಿ ಕುಳಿತಿದ್ದ ಒಬ್ಬ ಹುಡುಗಿಯ ಮಾತು ಹೇಳುತ್ತೇನೆ. ಬಿ.ಕಾಂ. ವಿದ್ಯಾರ್ಥಿನಿ, ಹತ್ತನೆಯ ತರಗತಿಯವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವಳು. ಊರಿನ ಹಾಲು ಉತ್ಪಾದಕರ ಸಂಘದ ಲೆಕ್ಕವನ್ನು ತಾಯಿಯೊಡನೆ ಕೂತು ಬರೆಯುತ್ತಿದ್ದಳು: ಯಾರ ಹಾಲು ಎಷ್ಟು ಲೀಟರು, ಜಿಡ್ಡಿನಂಶ ಎಷ್ಟು, ಯಾರಿಗೆ ಎಷ್ಟು ಬಟವಾಡೆ, ಪಶು ಆಹಾರದ ಬಾಕಿ ಎಷ್ಟು ಮುರಿದುಕೊಳ್ಳಬೇಕು. ಹಸು ಬತ್ತಿದವರ ಮನೆಯ ಬಾಕಿಯನ್ನು ಹೇಗೆ ಮುಂದೂಡಿದರೆ ಸಂಘವೂ ಉಳಿದೀತು ಮನೆಯೂ ಉಳಿದೀತು ಎಂಬುದು ಅವಳಿಗೆ ಗೊತ್ತಿತ್ತು. ಮ್ಯಾನೇಜ್‌ಮೆಂಟ್ ಎಂದರೆ ಇದಕ್ಕಿಂತ ಹೆಚ್ಚಿನದೇನು ಎಂದು ನನಗೆ ಯಾರೂ ಇನ್ನೂ ತಿಳಿಸಿಕೊಟ್ಟಿಲ್ಲ. ಹಳೆಯ ಕ್ಯಾಟ್ ಪ್ರಶ್ನೆಪತ್ರಿಕೆಯೊಂದನ್ನು ಕಾಲೇಜಿನ ಗ್ರಂಥಾಲಯದಲ್ಲಿ ಅವಳ ಮುಂದಿಟ್ಟೆ. ಕೋಷ್ಟಕದ ಪ್ರಶ್ನೆಯೊಂದನ್ನು ನಾನು ಕನ್ನಡದಲ್ಲಿ ಓದಿ ಹೇಳಿದಾಗ, ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ಉತ್ತರ ಬಂತು. ಅದೇ ಬಗೆಯ ಇನ್ನೊಂದನ್ನು ಇಂಗ್ಲಿಷಿನಲ್ಲಿಯೇ ಓದಿಕೊ ಎಂದಾಗ, ಮೂರು ನಿಯಮಗಳನ್ನು ಬಿಡಿಸಿಕೊಳ್ಳುವುದಕ್ಕೇ ಆರು ನಿಮಿಷ ಹೋಯಿತು. ಉತ್ತರ ಆಗಲೂ ಸರಿಯಾಗಿಯೇ ಬಂತು. ಹೊತ್ತು ಮಾತ್ರ ಮೀರಿತ್ತು. ಅವಳು ಆ ಪರೀಕ್ಷೆಗೆ ಅರ್ಜಿಯನ್ನೇ ಹಾಕಲಿಲ್ಲ. ಬ್ಯಾಂಕಿನ ಗುಮಾಸ್ತರ ಪರೀಕ್ಷೆಗೆ ಕೂತಳು, ಗೆದ್ದಳು. ಈಗ ಕೌಂಟರಿನ ಹಿಂದೆ ಇದ್ದಾಳೆ, ಸಂತೋಷವಾಗಿಯೂ ಇದ್ದಾಳೆ.

ಈ ಗುಮಾಸ್ತರ ಪರೀಕ್ಷೆಯ ಮಾತನ್ನು ಸುಮ್ಮನೆ ಎತ್ತಲಿಲ್ಲ. 2021ರಲ್ಲಿ ಕೇಂದ್ರದ ಹಣಕಾಸು ಸಚಿವಾಲಯವು ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಯನ್ನು ಇಂಗ್ಲಿಷ್ ಹಿಂದಿಗಳಲ್ಲದೆ 13 ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸಬೇಕೆಂದು ನಿಶ್ಚಯಿಸಿತು. ಇಂಗ್ಲಿಷ್ ಜ್ಞಾನದ ಭಾಗವೊಂದನ್ನು ಬಿಟ್ಟು ಉಳಿದುದನ್ನು ಕನ್ನಡದಲ್ಲಿ ಬರೆಯಬಹುದು. ಒಳ್ಳೆಯದಾಯಿತು. ಆದರೆ ಇದರ ಒಟ್ಟು ತಾತ್ಪರ್ಯವೇನು? ಕೌಂಟರಿನ ಈಚೆಯ ಬಾಗಿಲಿಗೆ ಕನ್ನಡ ಸಾಕು; ಆಚೆಯ ಕೊಠಡಿಯಲ್ಲಿ ಕೂರುವ ದೊಡ್ಡ ಸಾಹೇಬರ ಬಾಗಿಲಿಗೆ ಸಾಲದು. ಹಿಂದಿನ ಕಾಲದಲ್ಲಿ ಹಜಾರದವರೆಗೆ ಬಿಟ್ಟುಕೊಂಡು ನಡುಮನೆಗೆ ಬಿಡದೆ ಇದ್ದ ಪದ್ಧತಿಯೊಂದಿತ್ತು. ಅದನ್ನು ನಾವು ಬಿಟ್ಟೆವೆಂದುಕೊಂಡಿದ್ದೆವು.

ಈಗ ಎದುರುವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

ವ್ಯಾಪಾರದ ಭಾಷೆಯೇ ಇಂಗ್ಲಿಷು, ಅದಿಲ್ಲದೆ ಮ್ಯಾನೇಜ್‌ಮೆಂಟ್ ಉಂಟೆ ಎಂಬುದು ಮೊದಲನೆಯ ವಾದ. ಈ ನಾಡಿನ ಚರಿತ್ರೆಯೇ ಇದಕ್ಕೆ ಉತ್ತರ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ರೈತರು ಕೂಡಿ ಸಹಕಾರ ಸಂಘ ಕಟ್ಟಿದರು; ಭಾರತದ ಸಹಕಾರ ಚಳವಳಿಯ ಮೊಟ್ಟಮೊದಲ ಸಂಘಗಳಲ್ಲಿ ಅದೊಂದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ಮನೆಮನೆಗೆ, ಅಂಗಡಿಯಿಂದ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿ ಬ್ಯಾಂಕು ಕಟ್ಟಿದರು. ಆ ಎರಡಾಣೆಯನ್ನು ಕೇಳಿದ್ದು ತುಳುವಿನಲ್ಲಿ, ಕೊಂಕಣಿಯಲ್ಲಿ, ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಕೇಳಿದ್ದರೆ ಎರಡು ಕಾಸೂ ಹುಟ್ಟುತ್ತಿರಲಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರು ಸೇರಿ ಕ್ಯಾಂಪ್ಕೊ ಸ್ಥಾಪಿಸಿದರು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆದರು. ಬೆಂಗಳೂರಿನಲ್ಲಿ ಐಐಎಂ ತಲೆಯೆತ್ತಿದ್ದೂ ಅದೇ 1973ರಲ್ಲಿ, ನಮ್ಮ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದೂ ಅದೇ ವರ್ಷದಲ್ಲಿ. ಆ ಸಂಸ್ಥೆಗೆ ರಾಜ್ಯವು ನೂರು ಎಕರೆ ನೆಲ ಕೊಟ್ಟಿತು. ಅದರ ಸ್ಥಾಪನೆಯಲ್ಲಿ ಮುಂದಾಳಾಗಿದ್ದವರು ಆ ಪಿಗ್ಮಿಯ ಬ್ಯಾಂಕಿನಲ್ಲಿಯೇ ಪಳಗಿದ ಟಿ.ಎ. ಪೈಯವರು. ನೆಲ ಈ ಊರಿನದು, ಅನುಭವವೂ ಈ ನಾಡಿನದು. ಬಾಗಿಲು ಮಾತ್ರ ಬೇರೆಲ್ಲಿಂದಲೋ ಬಂತು.

ಎಲ್ಲಿಂದ ಬಂತೆಂಬುದೂ ಗುಟ್ಟಲ್ಲ. 1961ರಲ್ಲಿ ಕಲ್ಕತ್ತೆ, ಅಹಮದಾಬಾದುಗಳಲ್ಲಿ ಮೊದಲ ಎರಡು ಐಐಎಂಗಳು ಹುಟ್ಟಿದಾಗ ಒಂದಕ್ಕೆ ಎಂಐಟಿಯ ಸ್ಲೋನ್ ಶಾಲೆಯೂ ಇನ್ನೊಂದಕ್ಕೆ ಹಾರ್ವರ್ಡಿನ ವ್ಯಾಪಾರ ಶಾಲೆಯೂ ಕೈಹಿಡಿದು ನಡೆಸಿದವು. ಅಮೆರಿಕದಲ್ಲಿ 1954ರಿಂದಲೇ ಇಂಥ ಪ್ರವೇಶ ಪರೀಕ್ಷೆ ನಡೆಯುತ್ತಿತ್ತು. ಇಂದು ಅದನ್ನು ಜಿಮ್ಯಾಟ್ ಎನ್ನುತ್ತಾರೆ. ಅಲ್ಲಿ ಇಂಗ್ಲಿಷಿನಲ್ಲಿ ಪರೀಕ್ಷೆ ನಡೆದದ್ದು ಅದು ಅವರ ಭಾಷೆಯಾದ್ದರಿಂದ. ಅವರಿಂದ ಕಲಿಯಬೇಕಾಗಿದ್ದುದು ತಮ್ಮ ಜನರನ್ನು ತಮ್ಮ ಭಾಷೆಯಲ್ಲಿ ಪರೀಕ್ಷಿಸುವ ವಿವೇಕವನ್ನು. ಫ್ರಾನ್ಸು ಅದನ್ನು ಕಲಿತುಕೊಂಡಿತು: ಅಲ್ಲಿನ ವ್ಯಾಪಾರ ಶಾಲೆಗಳ ‘ತಾಜ್ ಮಾಜ್’ ಪರೀಕ್ಷೆ ನಡೆಯುವುದು ಫ್ರೆಂಚಿನಲ್ಲಿ. ಚೀನದಲ್ಲಿ ಎಂ.ಬಿ.ಎ. ಪ್ರವೇಶಕ್ಕೆ ಗಣಿತ ತರ್ಕಗಳ ಪತ್ರಿಕೆ ಚೀನಿಯಲ್ಲಿಯೇ ಇರುತ್ತದೆ. ಇಂಗ್ಲಿಷಿಗೆ ಬೇರೆ ಪತ್ರಿಕೆ. ಚೀನದ ವ್ಯಾಪಾರ ಇದರಿಂದ ಮುಳುಗಿತೆಂದು ಹೇಳುವ ಧೈರ್ಯ ಯಾರಿಗಿದೆಯೋ ಕಾಣೆ.

ಒಳಗೆ ಪಾಠವೆಲ್ಲ ಇಂಗ್ಲಿಷಿನಲ್ಲಿರುವಾಗ ಬಾಗಿಲಲ್ಲಿ ಕನ್ನಡವೇಕೆ ಎಂಬುದು ಎರಡನೆಯ ವಾದ. ವೈದ್ಯಕೀಯ ಕಾಲೇಜಿನ ಪಾಠವೂ ಇಂಗ್ಲಿಷಿನಲ್ಲಿಯೇ ಅಲ್ಲವೆ? ಆದರೂ 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಇಂಜಿನಿಯರಿಂಗಿನ ಜೆಇಇ ಮುಖ್ಯ ಪರೀಕ್ಷೆ 2021ರಿಂದ ಕನ್ನಡದಲ್ಲಿಯೂ ಇದೆ. ಹೃದಯ ಕೊಯ್ಯುವ ವಿದ್ಯೆಗೆ, ಸೇತುವೆ ಕಟ್ಟುವ ವಿದ್ಯೆಗೆ ತೆರೆದ ಬಾಗಿಲು ಸಾಬೂನು ಮಾರುವ ವಿದ್ಯೆಗೆ ಮಾತ್ರ ತೆರೆಯಲಾಗದೆ? ಭಾಷಾಂತರ ತಪ್ಪಾದೀತೆಂಬ ಭಯಕ್ಕೂ ಅಲ್ಲಿಯೇ ಮದ್ದಿದೆ: ಎರಡು ಭಾಷೆಗಳಲ್ಲಿ ಪ್ರಶ್ನೆ ಅಚ್ಚಾಗಿರುತ್ತದೆ; ಸಂದೇಹ ಬಂದಲ್ಲಿ ಇಂಗ್ಲಿಷಿನ ಪಾಠವೇ ಪ್ರಮಾಣ.

ಪ್ರತಿಭೆಯ ಮಟ್ಟ ಇಳಿದುಹೋದೀತೆಂಬುದು ಮೂರನೆಯದು, ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುವಂಥದು. ಪರೀಕ್ಷೆಯ ಅಂಕವೊಂದೇ ಪ್ರತಿಭೆಯಲ್ಲವೆಂದು ಒಪ್ಪಿಕೊಂಡವರು ಈ ಸಂಸ್ಥೆಗಳೇ. ಆಯ್ಕೆಯಲ್ಲಿ ಅವು ಹತ್ತನೆಯ ತರಗತಿಯ ಅಂಕ ನೋಡುತ್ತವೆ, ಪದವಿಯ ಅಂಕ ನೋಡುತ್ತವೆ, ದುಡಿದ ಅನುಭವಕ್ಕೆ ಬೆಲೆ ಕಟ್ಟುತ್ತವೆ. ತರಗತಿಯಲ್ಲಿ ಗಂಡುಹುಡುಗರೇ, ಅದರಲ್ಲಿಯೂ ಇಂಜಿನಿಯರುಗಳೇ ತುಂಬಿಹೋಗುತ್ತಿದ್ದಾರೆಂದು ಕಂಡು, ಹೆಣ್ಣುಮಕ್ಕಳಿಗೂ ಬೇರೆ ವಿಷಯ ಓದಿದವರಿಗೂ ಕೆಲವು ಐಐಎಂಗಳು ಅಂಕಗಳನ್ನು ಕೂಡಿಸಿಕೊಡುತ್ತವೆ. ಒಂದೇ ಬಗೆಯ ತಲೆಗಳು ಸೇರಿದರೆ ವಿಚಾರ ಬೆಳೆಯುವುದಿಲ್ಲ ಎಂಬುದು ಅವರ ಸಮಾಧಾನ. ಸರಿಯಾದ ಮಾತು, ನನಗೂ ಒಪ್ಪಿಗೆಯೆ. ಆದರೆ ಒಂದೇ ಬಗೆಯ ನಾಲಗೆಗಳು ಸೇರಿದರೆ? ಆ ಬಗ್ಗೆ ಮಹನೀಯರು ಮೌನ. ಗ್ರಾಮೀಣ ಮಾರುಕಟ್ಟೆಯ ಮೇಲೆ ಪಾಠಗಳು ನಡೆಯುತ್ತವೆ. ಆ ಗ್ರಾಮದಿಂದ ಬಂದವನು ಬಾಗಿಲಾಚೆ ನಿಂತಿರುತ್ತಾನೆ.

ನಾನು ಇಂಗ್ಲಿಷಿನ ಶತ್ರುವಲ್ಲ. ಅದು ಬರದಿದ್ದರೂ ನಡೆದೀತು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿದರೆ ಅವರಿಗೆ ಮೋಸ ಮಾಡಿದಂತೆ. ಇಂಗ್ಲಿಷು ಬೇಕು, ಎಷ್ಟು ಬೇಕು, ಯಾವ ಸ್ಥಾನದಲ್ಲಿ ಬೇಕು ಎಂಬುದೇ ಚರ್ಚೆ. ಇದಕ್ಕೆ ಮೇಲ್ಪಂಕ್ತಿ ನಮ್ಮ ದೇಶದಲ್ಲಿಯೇ ಇದೆ. ಐ.ಎ.ಎಸ್. ಅಧಿಕಾರಿಗಳನ್ನು ಆರಿಸುವ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ 1979ರಿಂದ ಉತ್ತರಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಇಂಗ್ಲಿಷಿಗೆ ಒಂದು ಪತ್ರಿಕೆಯುಂಟು, ಅದರಲ್ಲಿ ತೇರ್ಗಡೆಯಾಗಲೇಬೇಕು. ಆದರೆ ಅದರ ಅಂಕಗಳು ಶ್ರೇಣಿಗೆ ಸೇರುವುದಿಲ್ಲ. ಎಂದರೆ, ಇಂಗ್ಲಿಷು ಬರುತ್ತದೆಯೇ ಎಂದು ನೋಡುತ್ತಾರೆ. ಯಾರಿಗೆ ಹೆಚ್ಚು ಬರುತ್ತದೆ ಎಂದು ಪಂದ್ಯ ಕಟ್ಟುವುದಿಲ್ಲ. ಜಿಲ್ಲೆಯನ್ನಾಳಲು ಸಾಕಾದ ಕ್ರಮ ಕಾರ್ಖಾನೆಯನ್ನಾಳಲು ಸಾಲದೆ?

ಆದ್ದರಿಂದ ನನ್ನ ಸೂಚನೆ ಇಷ್ಟು. ಕ್ಯಾಟ್ ಪರೀಕ್ಷೆಯ ತರ್ಕ ಗಣಿತಗಳ ಪ್ರಶ್ನೆಗಳು ಇಂಗ್ಲಿಷಿನೊಡನೆ ಕನ್ನಡವೇ ಮೊದಲಾದ ಭಾರತೀಯ ಭಾಷೆಗಳಲ್ಲಿ ಬರಲಿ. ಓದಿ ತಿಳಿಯುವ ಭಾಗವನ್ನು ಅಭ್ಯರ್ಥಿ ತಾನು ಆರಿಸಿಕೊಂಡ ಭಾಷೆಯಲ್ಲಿ ಬರೆಯಲಿ. ಇಂಗ್ಲಿಷಿಗೆ ಬೇರೊಂದು ಚಿಕ್ಕ ಪತ್ರಿಕೆ ಇರಲಿ, ಅದರಲ್ಲಿ ತೇರ್ಗಡೆ ಕಡ್ಡಾಯವಾಗಲಿ, ಅಂಕ ಶ್ರೇಣಿಗೆ ಸೇರದಿರಲಿ. ಆಯ್ಕೆಯಾಗಿ ಬಂದವರಲ್ಲಿ ಇಂಗ್ಲಿಷು ಸಾಲದವರಿಗೆ ತರಗತಿ ಆರಂಭವಾಗುವ ಮುಂಚೆ ಎರಡು ತಿಂಗಳು ಪಾಠ ಹೇಳಲಿ.

ದೆಹಲಿಯವರೂ ಐಐಎಂ ಮಂಡಲಿಗಳೂ ಇದಕ್ಕೆ ಕಿವಿಗೊಡುವುದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಷ್ಟೇ ಸುಲಭವೆಂದು ನನಗೂ ಗೊತ್ತು. ಆದರೆ ನಮ್ಮದೇ ಮನೆಯ ಕಟ್ಟೆಯೊಂದಿದೆಯಲ್ಲ? ರಾಜ್ಯದ ವಿಶ್ವವಿದ್ಯಾನಿಲಯಗಳ ಎಂ.ಬಿ.ಎ. ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಪಿಜಿಸಿಇಟಿ ನಡೆಸುತ್ತದೆ. ಅಲ್ಲಿಯೂ ಇಂಗ್ಲಿಷ್ ಜ್ಞಾನಕ್ಕೆ ಪ್ರತ್ಯೇಕ ಅಂಕಗಳುಂಟು. ಕನ್ನಡದ ಜ್ಞಾನಕ್ಕೆ ಒಂದು ಅಂಕವೂ ಇಲ್ಲ. ಇದನ್ನು ಬದಲಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ, ಬೆಂಗಳೂರಿನ ಒಂದು ಆದೇಶ ಸಾಕು. ಮುಂದಿನ ನವೆಂಬರ್ ಒಂದರಂದು ವೇದಿಕೆ ಏರುವ ಮಂತ್ರಿಗಳು, ಭಾಷಣದ ಬದಲಿಗೆ ಆ ಆದೇಶವನ್ನು ಓದಿ ಇಳಿದರೆ, ಕೊನೆಯ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಲು ನಾನು ಸಿದ್ಧನಿದ್ದೇನೆ.