ಧರ್ಮಶಾಸ್ತ್ರವೆಂಬ ಕಾವಲು: ಪೌಲನ ಬಿಡುಗಡೆಯ ಕಲ್ಪನೆ

ಕನ್ನಡ ಬೈಬಲಿನಲ್ಲಿ ‘ಧರ್ಮಶಾಸ್ತ್ರ’ ಎಂಬ ಪದ ಎದುರಾದೊಡನೆ ಸಾಹಿತ್ಯದ ಓದುಗನಿಗೆ ಮನು, ಯಾಜ್ಞವಲ್ಕ್ಯರು ನೆನಪಾಗುವುದು ಸಹಜ. ಆ ನೆನಪಿನೊಡನೆ ಪೌಲನ ಪತ್ರಗಳನ್ನು ಓದಿದರೆ, ಆತನನ್ನು ಶರಣರ ಪಕ್ಕದಲ್ಲಿ ನಿಲ್ಲಿಸುವ ವ್ಯಾಖ್ಯಾನ ತಾನಾಗಿಯೇ ಸಿದ್ಧವಾಗುತ್ತದೆ. ಉಪನಯನವನ್ನು ನಿರಾಕರಿಸಿದನೆಂದು ಪರಂಪರೆ ಹೇಳುವ ಬಸವಣ್ಣ, ಅನ್ಯಜನರಿಗೆ ಸುನ್ನತಿ ಬೇಡವೆಂದ ಪೌಲ: ಹೋಲಿಕೆ ಆಕರ್ಷಕವಾದುದೇ. ಆದರೆ ಅದು ಪೌಲನ ವಾದದ ತಿರುಳನ್ನು ಮರೆಮಾಡುತ್ತದೆ.

ಹೀಬ್ರೂವಿನ ‘ತೋರಾ’ ಎಂದರೆ ಮೂಲತಃ ಬೋಧೆ, ದಾರಿ ತೋರುವಿಕೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಆರಂಭವಾದ ಗ್ರೀಕ್ ಅನುವಾದದಲ್ಲಿ ಅದು ‘ನೊಮೊಸ್’ ಆಯಿತು; ಕಾನೂನಿನ ಗಡಸುತನ ಅಲ್ಲಿಯೇ ಸೇರಿಕೊಂಡಿತು. 19ನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರು ತೊಡಗಿದ ಕನ್ನಡ ಅನುವಾದದ ಪರಂಪರೆಯಲ್ಲಿ ‘ಧರ್ಮಶಾಸ್ತ್ರ’ ನೆಲೆಯೂರಿದಾಗ, ವರ್ಣಶ್ರೇಣಿಯ ಧ್ವನಿಯೂ ಅದರ ಬೆನ್ನಿಗೆ ಬಂದಿತು. ಆದರೆ ದಶಾಜ್ಞೆಗಳು ತೊಡಗುವುದೇ ಐಗುಪ್ತದ ದಾಸತ್ವದಿಂದ ಜನರನ್ನು ಹೊರತಂದ ದೇವರ ಮಾತಿನಿಂದ. ಅಲ್ಲಿ ಬಿಡುಗಡೆ ಮೊದಲು, ಕಟ್ಟಳೆ ಅನಂತರ.

ಇಂದಿನ ತುರ್ಕಿಗೆ ಸೇರಿದ ಗಲಾತ್ಯದ ಸಭೆಗಳಿಗೆ ಕ್ರಿ.ಶ. 50ರ ಆಸುಪಾಸಿನಲ್ಲಿ ಪೌಲ ಬರೆದ ಪತ್ರದಲ್ಲಿ ಈ ಪ್ರಶ್ನೆ ತೀವ್ರವಾಗಿದೆ. ಕ್ರಿಸ್ತನನ್ನು ನಂಬಿದ ಅನ್ಯಜನರೂ ಸುನ್ನತಿ ಮಾಡಿಸಿಕೊಳ್ಳಬೇಕೆಂದು ಕೆಲವರು ಒತ್ತಾಯಿಸಿದ್ದರು. ಅಂತಿಯೋಕ್ಯದಲ್ಲಿ ಪೇತ್ರನೂ ಅನ್ಯಜನರೊಡನೆ ಉಣ್ಣುವುದನ್ನು ಬಿಟ್ಟಾಗ ಪೌಲ ಅವನನ್ನು ಎದುರೆದುರೇ ಖಂಡಿಸಿದ. ಹಾಗಾದರೆ ಧರ್ಮಶಾಸ್ತ್ರ ಏಕಿತ್ತು? ಉತ್ತರವಾಗಿ ಪೌಲ ಬಳಸುವ ಪದ ‘ಪೈದಗೋಗೊಸ್’. ಇವನು ಗುರುವಲ್ಲ. ಸಿರಿವಂತರ ಮಗುವನ್ನು ಗುರುವಿನ ಬಳಿಗೆ ಕರೆದೊಯ್ದು ತರುತ್ತಿದ್ದ, ದಾರಿಯಲ್ಲಿ ಅದರ ನಡತೆಯನ್ನು ಕಾಯುತ್ತಿದ್ದ, ಬೇಕಾದಾಗ ಗದರುತ್ತಿದ್ದ ಮನೆಯ ದಾಸ. ಮಗು ಪ್ರಾಯಕ್ಕೆ ಬಂದೊಡನೆ ಅವನ ಅಧಿಕಾರ ಮುಗಿಯುತ್ತದೆ. ಅವನು ಕೆಟ್ಟವನೆಂದಲ್ಲ, ಅವನ ಕೆಲಸ ಪೂರೈಸಿತೆಂದು. ಮುಂದಿನ ಅಧ್ಯಾಯದಲ್ಲಿ ಇದೇ ಚಿತ್ರ ಬೆಳೆಯುತ್ತದೆ: ಆಸ್ತಿಗೆಲ್ಲ ಒಡೆಯನಾಗಬೇಕಾದ ಬಾಲಕನೂ ತಂದೆ ಗೊತ್ತುಮಾಡಿದ ದಿನದವರೆಗೆ ಪಾಲಕರ ಕೈಕೆಳಗಿರುತ್ತಾನೆ. ಆದ್ದರಿಂದ ಪೌಲನ ಬಿಡುಗಡೆಯನ್ನು ದಂಗೆಯೆನ್ನುವುದಕ್ಕಿಂತ ವಾರಸುದಾರನ ಪ್ರೌಢಿಮೆಯೆನ್ನುವುದು ಸರಿ. ಪ್ರಾಯಕ್ಕೆ ಬಂದವನು ಕಲಿತದ್ದನ್ನು ಎಸೆಯುವುದೂ ಇಲ್ಲ. ನೆರೆಯವನನ್ನು ಪ್ರೀತಿಸುವ ಆಜ್ಞೆಯಲ್ಲಿ ಶಾಸ್ತ್ರವೆಲ್ಲ ನೆರವೇರುತ್ತದೆಂದು ಪೌಲ ಹೇಳುವಾಗ, ಆ ಆಜ್ಞೆಯನ್ನು ಎತ್ತಿಕೊಳ್ಳುವುದು ಯಾಜಕಕಾಂಡದಿಂದಲೇ.

(ತಮ್ಮ ತೋರಾವನ್ನು ದಾಸನಿಗೆ ಹೋಲಿಸಿದ್ದು ಯೆಹೂದ್ಯರಿಗೆ ಹಿತವೆನಿಸಿರಲಾರದು, ಹಾಗರಳ ದೃಷ್ಟಾಂತವಂತೂ ಇನ್ನೂ ಕಠಿನ.)

ಯೆಹೂದ್ಯ ಧರ್ಮವೆಂದರೆ ಕ್ರಿಯೆಗಳಿಂದ ಮುಕ್ತಿ ಗಳಿಸುವ ಲೆಕ್ಕಾಚಾರವೆಂಬ, ಲೂಥರನ ಪರಂಪರೆ ಬೆಳೆಸಿದ ಗ್ರಹಿಕೆಯನ್ನು ಇ.ಪಿ. ಸ್ಯಾಂಡರ್ಸ್ 1977ರಲ್ಲಿ ಬಲವಾಗಿ ಪ್ರಶ್ನಿಸಿದರು. ಅವರ ಪ್ರಕಾರ ಒಡಂಬಡಿಕೆಯ ಪ್ರವೇಶ ಕೃಪೆಯಿಂದ. ಆಚರಣೆ ಅದರೊಳಗೆ ಉಳಿಯುವ ಬಗೆ. ಕನ್ನಡದಲ್ಲಿ ಪೌಲನನ್ನು ಕುರಿತು ಬರೆಯುವವರು ಇದನ್ನು ಕಡೆಗಣಿಸುವಂತಿಲ್ಲ.

ಇನ್ನು ‘ಎಲ್ಯೂಥೆರಿಯಾ’. ಇದನ್ನು ‘ಮೋಕ್ಷ’ದ ಕಡೆಗೆ ವಾಲಿಸುವುದು ಸುಲಭ. ಗ್ರೀಕಿನಲ್ಲಿ ಅದು ದಾಸನಲ್ಲದವನ ಸ್ಥಾನಮಾನ. ಸಂತೆಯಲ್ಲಿ ಮನುಷ್ಯರನ್ನು ಮಾರುತ್ತಿದ್ದ ಲೋಕದ ಮಾತು. ಈ ಅರ್ಥವನ್ನು ಎಲ್ಲಿಯವರೆಗೆ ಒಯ್ಯಬಹುದು? 1520ರಲ್ಲಿ ಲೂಥರ್ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಬರೆದ. 1525ರಲ್ಲಿ ಜರ್ಮನಿಯ ರೈತರು ತಮ್ಮ ಹನ್ನೆರಡು ಬೇಡಿಕೆಗಳಲ್ಲಿ, ಕ್ರಿಸ್ತನು ಎಲ್ಲರನ್ನೂ ಬಿಡಿಸಿರುವಾಗ ತಾವು ಜೀತದಾಳುಗಳಾಗಿರುವುದು ಹೇಗೆಂದು ಕೇಳಿದರು. ಅದು ಕ್ರೈಸ್ತ ಸ್ವಾತಂತ್ರ್ಯವನ್ನು ಕೇವಲ ಲೌಕಿಕವಾಗಿಸುವ ಮಾತೆಂದು ಲೂಥರ್ ತಳ್ಳಿಹಾಕಿದ. ‘ಎಲ್ಯೂಥೆರಿಯಾ’ದ ನೆಲದ ಅರ್ಥಕ್ಕೆ ಹೆಚ್ಚು ಹತ್ತಿರವಾಗಿದ್ದವರು ರೈತರೇ.