ಪಾಸ್ ಕೊಂಡು ಫೇಲಾದವನ ಪ್ರಲಾಪ

"ಅಪ್ಪ-ಅಮ್ಮ ಮೊದಲ ಸಲ ಲಂಡನ್‌ಗೆ ಬರ್ತಿದ್ದಾರೆ ಕಣೋ, ಆ ಸೈಟ್‌ಸೀಯಿಂಗ್ ಪಾಸ್ ತಗೊಳ್ಲಾ?"

ಈ ವರ್ಷ ಹೀಗೆ ಕೇಳಿದವರಲ್ಲಿ ಮೂರನೆಯವನು ನಿನ್ನೆ ಫೋನ್ ಮಾಡಿದ್ದ. ಮೂವರಿಗೂ ಅರ್ಧರ್ಧ ಗಂಟೆ ಭಾಷಣ ಬಿಗಿದು ಗಂಟಲು ಕಟ್ಟಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸಿ ಸುಮ್ಮನಾಗೋಣ ಅಂತ ಕೂತು ಬರೀತಾ ಇದ್ದೇನೆ.

ಉತ್ತರ ಮೊದಲೇ ಹೇಳಿಬಿಡ್ತೇನೆ. ಬೇಡ. ಅದರಲ್ಲೂ ವಯಸ್ಸಾದ ಅಪ್ಪ-ಅಮ್ಮನಿಗೆ ಖಂಡಿತಾ ಬೇಡ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ನಮ್ಮ ಬಿಎಂಟಿಸಿ ದಿನದ ಪಾಸಿನ ತರಹವೇ, ಆದರೆ ಬಸ್ಸಿಗಲ್ಲ, ನೋಡುವ ಜಾಗಗಳಿಗೆ. ಒಂದು ಸಲ ದುಡ್ಡು ಕಟ್ಟಿದರೆ ಒಂದು ದಿನವೋ ಮೂರು ದಿನವೋ ಪಟ್ಟಿಯಲ್ಲಿರುವ ಎಷ್ಟು ಜಾಗಕ್ಕಾದರೂ ಹೋಗಬಹುದು. "ಇಷ್ಟು ಪೌಂಡ್ ಉಳಿತಾಯ!" ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ಮಾರುವವರ ಹೆಸರು ಬೇಡ, ನನ್ನ ಜಗಳ ಅವರ ಜತೆ ಅಲ್ಲವೇ ಅಲ್ಲ. ನಮ್ಮ ಜತೆ.

ಮೊದಲು ಲೆಕ್ಕ ನೋಡೋಣ. ಈಚಿನ ವರ್ಷಗಳಲ್ಲಿ ಟವರ್ ಆಫ್ ಲಂಡನ್‌ಗೆ ಸುಮಾರು 35 ಪೌಂಡ್, ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ 30, ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ಗೆ 25. ಮೂರೂ ಸೇರಿ 90. ಒಂದು ದಿನದ ಪಾಸಿಗೆ ನೂರರ ಆಸುಪಾಸು. ಅಂದರೆ ಊರಿನ ಮೂರು ಘಟಾನುಘಟಿ ಜಾಗಗಳನ್ನ ಒಂದೇ ದಿನ ಓಡಾಡಿ ಮುಗಿಸಿದರೂ ಹಾಕಿದ ದುಡ್ಡು ಹುಟ್ಟೋದಿಲ್ಲ! ನಾಲ್ಕನೆಯದಕ್ಕೆ ಓಡಬೇಕು. ಟವರ್ ಒಂದನ್ನೇ ನೆಟ್ಟಗೆ ನೋಡೋಕೆ ಮೂರು ಗಂಟೆ ಬೇಕು ಸ್ವಾಮೀ...

ಇನ್ನೊಂದು ವಿಷಯ. ಟವರ್‌ನಲ್ಲಿ, ಅಬ್ಬೆಯಲ್ಲಿ 65 ದಾಟಿದವರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಉಂಟು. ನಾನು ಕೊಂಡ ಪಾಸಿನಲ್ಲಿ ಇದ್ದದ್ದು ಎರಡೇ ದರ: ದೊಡ್ಡವರು, ಮಕ್ಕಳು. ಎಪ್ಪತ್ತೊಂದರ ನಮ್ಮಪ್ಪ ಇಪ್ಪತ್ತೊಂದರ ಹುಡುಗನಷ್ಟೇ ದುಡ್ಡು ಕೊಟ್ಟು, ಇಪ್ಪತ್ತೊಂದರ ಹುಡುಗನಷ್ಟೇ ಓಡಬೇಕು. ಸಮಾನತೆ ಅಂದ್ರೆ ಇದೇ ಇರ್ಬೇಕು :-)

ಮೇಲಾಗಿ ಆ "ಒಂದು ದಿನ" ಅನ್ನೋದು 24 ಗಂಟೆ ಅಲ್ಲ, ಕ್ಯಾಲೆಂಡರ್ ದಿನ. ಮಧ್ಯಾಹ್ನ ಎರಡಕ್ಕೆ ಮೊದಲ ಗೇಟಿನಲ್ಲಿ ತೋರಿಸಿದಿರೋ, ಅವತ್ತಿನ ದಿನ ಅಲ್ಲಿಗೇ ಅರ್ಧ ಢಮಾರ್.

ಆದರೆ ಲಂಡನ್ನಿನಲ್ಲಿ ಪಾಸಿಗೆ ನಿಜವಾದ ಎದುರಾಳಿ ಬಿಡಿ ಟಿಕೆಟ್ ಅಲ್ಲ, ಪುಕ್ಕಟೆ. 1759ರಲ್ಲಿ ಬಾಗಿಲು ತೆಗೆದ ಬ್ರಿಟಿಷ್ ಮ್ಯೂಸಿಯಂಗೆ ಪ್ರವೇಶ ಧರ್ಮ. ನ್ಯಾಷನಲ್ ಗ್ಯಾಲರಿ, ಟೇಟ್ ಎಲ್ಲ ಧರ್ಮ. ಮಧ್ಯದಲ್ಲಿ ಕೆಲವು ವರ್ಷ ದುಡ್ಡು ವಸೂಲು ಮಾಡ್ತಿದ್ದ ನ್ಯಾಚುರಲ್ ಹಿಸ್ಟರಿ, ಸೈನ್ಸ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗಳೂ 2001ರ ಕೊನೆಯಿಂದ ಧರ್ಮ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣವಾದ ನಮ್ಮ ಬಸವಣ್ಣನ ಪ್ರತಿಮೆ ಇದೆ. ಅಲ್ಲಿ ನಿಂತರೆ ನದಿಯಾಚೆಗೆ ಪಾರ್ಲಿಮೆಂಟು. ಅದಕ್ಕೂ ಕಾಸಿಲ್ಲ. ಇವು ಯಾವುದೂ ಪಾಸಿನ ಲೆಕ್ಕಕ್ಕೆ ಬರೋದಿಲ್ಲ. ಹಾಗಾಗಿ ಪಾಸ್ ಕೈಯಲ್ಲಿ ಹಿಡಿದವನಿಗೆ ಬಿಟ್ಟಿ ಜಾಗಕ್ಕೆ ಹೋಗೋದು ಅಂದ್ರೆ ನಷ್ಟ ಅನ್ನಿಸೋಕೆ ಶುರುವಾಗುತ್ತೆ. ಈ ಊರಿನ ಬೆಸ್ಟ್ ಮ್ಯೂಸಿಯಮ್ಮಿನಲ್ಲಿ ನಿಂತು "ಅಯ್ಯೋ ಇಲ್ಲಿ ಟೈಮ್ ವೇಸ್ಟ್" ಅಂದುಕೊಳ್ಳೋ ದರಿದ್ರ ಬುದ್ಧಿ ಬರುತ್ತೆ.

ಬರುತ್ತೆ ಅಂತ ಯಾಕೆ ಹೇಳ್ತಿದ್ದೇನೆ? ನನಗೇ ಬಂತು.

*

2023ರ ಜೂನ್. ಅಪ್ಪ-ಅಮ್ಮ ಬಂದಿದ್ದರು. ಪೌಂಡಿಗೆ ನೂರು ರೂಪಾಯಿ ಲೆಕ್ಕ. ಪ್ರತಿ ಕೌಂಟರಿನಲ್ಲೂ ಅಪ್ಪ ಮನಸ್ಸಲ್ಲೇ ಗುಣಾಕಾರ ಮಾಡಿ, "ನೀವು ಹೋಗಿ ಬನ್ನಿ, ನಾನು ಇಲ್ಲೇ ಬೆಂಚ್ ಮೇಲೆ ಕೂತಿರ್ತೀನಿ" ಅಂತಾರೆ ಅನ್ನೋ ಭಯಕ್ಕೆ ಮೂರು ದಿನದ ಪಾಸ್ ಕೊಂಡೆ. ಇಬ್ಬರಿಗೆ 250 ಪೌಂಡಿಗೂ ಮೇಲೆ.

ಶುಕ್ರವಾರ ಟವರ್. ಅಲ್ಲಿ ಕಿರೀಟಗಳ ಮುಂದೆ ನಮ್ಮನ್ನ ಚಲಿಸುವ ಪಟ್ಟಿಯ ಮೇಲೆ ನಿಲ್ಲಿಸಿ ಸಾಗಿಸ್ತಾರೆ. ಕೊಹಿನೂರ್ ಎದುರಿಗೆ ಬರೋದು, ಹೋಗೋದು ಎರಡೂ ಕಣ್ಮುಚ್ಚಿ ಬಿಡೋದ್ರೊಳಗೆ. "ತಿರುಪತೀಲಿ ಜರಗಂಡಿ ಅಂತಾರೆ, ಇಲ್ಲಿ ನೆಲವೇ ಜರಗುತ್ತಲ್ಲೋ" ಅಂದರು ಅಮ್ಮ. ಆಮೇಲೆ ಟವರ್ ಬ್ರಿಡ್ಜ್ ಹತ್ತಿಸಿದೆ, ದೋಣಿ ಹತ್ತಿಸಿದೆ. ದೋಣಿಯಲ್ಲಿ ಇಬ್ಬರೂ ನಿದ್ದೆ.

ಶನಿವಾರ ಬೆಳಿಗ್ಗೆ ಅಪ್ಪ ಬಾಯಿಬಿಟ್ಟು ಕೇಳಿದ್ದು ಒಂದೇ ಜಾಗ: ಟಿಪ್ಪುವಿನ ಹುಲಿ ಇರೋ ಮ್ಯೂಸಿಯಂ. ಅಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು. ವರ್ಷಾ ವರ್ಷಾ ಮಕ್ಕಳನ್ನ ಶ್ರೀರಂಗಪಟ್ಟಣಕ್ಕೆ ಕರ್ಕೊಂಡು ಹೋಗಿ, ದರಿಯಾ ದೌಲತ್ ಗೋಡೆಯ ಪೊಳ್ಳಿಲೂರು ಯುದ್ಧದ ಚಿತ್ರ ತೋರಿಸಿ, "ಹುಲಿ ಮಾತ್ರ ಲಂಡನ್ನಿನಲ್ಲಿದೆ ಮಕ್ಕಳೇ" ಅಂತ ಪಾಠ ಮುಗಿಸ್ತಿದ್ದರು. ಕೆಂಪು ಕೋಟಿನ ಬಿಳಿಯನ ಮೇಲೆ ಎರಗಿರುವ, ಹೆಚ್ಚುಕಡಿಮೆ ನಿಜದ ಹುಲಿಯಷ್ಟೇ ದೊಡ್ಡ ಮರದ ಹುಲಿ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತೆ, ಬಿದ್ದವನು ಕೈ ಆಡಿಸಿ ನರಳ್ತಾನೆ. ಹೊಟ್ಟೆಯೊಳಗೆ ಹದಿನೆಂಟು ಸ್ವರದ ಪುಟ್ಟ ಆರ್ಗನ್. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಸಾಗಿಸಿದ್ದು. (ಟಿಪ್ಪು ಬಗ್ಗೆ ಜಗಳ ಆಡೋರು ದಯವಿಟ್ಟು ಬೇರೆ ಕಡೆ ಆಡಿ. ಇಲ್ಲಿ ವಿಷಯ ಬೇರೆ.)

ಅಪ್ಪ ಗಾಜಿನ ಮುಂದೆ ನಿಂತರು. ಸುತ್ತು ಹಾಕಿದರು. ಬಗ್ಗಿ ನೋಡಿದರು. ನಾನು ಗಡಿಯಾರ ನೋಡಿದೆ. ಶನಿವಾರ ಅಬ್ಬೆಗೆ ಬೇಗ ಹೋಗಬೇಕು, ಬೇಗ ಮುಚ್ತಾರೆ. ಅದು ಪಾಸಿನಲ್ಲಿರೋದು, 27 ಪೌಂಡಿಂದು! ಇದೋ, ಬಿಟ್ಟಿ ಹುಲಿ.

"ಅಪ್ಪಾ ಹೊರಡೋಣ, ಲೇಟಾಗುತ್ತೆ."

"ಒಂದು ನಿಮಿಷ ತಡಿಯೋ..."

"ಅಪ್ಪಾ, ಪಾಸು..."

ಮಾತಾಡದೆ ಬಂದರು. ಅಬ್ಬೆಯಲ್ಲಿ ರಾಜರ ಗೋರಿಗಳ ನಡುವೆ ಏನು ನೋಡಿದರೋ ಅವರನ್ನೇ ಕೇಳಬೇಕು.

ಭಾನುವಾರ ಸೇಂಟ್ ಪಾಲ್ಸ್. ಬಾಗಿಲಿಗೆ ಹೋದ ಮೇಲೆ ಗೊತ್ತಾಯ್ತು, ಭಾನುವಾರ ಪ್ರವಾಸಿಗರಿಗೆ ಇಲ್ಲ, ಪ್ರಾರ್ಥನೆಗೆ ಮಾತ್ರ. ನೋಡಿಕೊಳ್ಳದೆ ಹೋದ ತಪ್ಪು ಪೂರ್ತಿ ನಂದೇ. ಪ್ರಾರ್ಥನೆಗೆ ಟಿಕೆಟ್ ಇಲ್ಲ. ಒಳಗೆ ಕೂತೆವು. ಆ ದೊಡ್ಡ ಗುಮ್ಮಟದ ಕೆಳಗೆ ಹಾಡು ಶುರುವಾಯ್ತು ನೋಡಿ, ಅಮ್ಮ ಕೈ ಮುಗಿದವರು ಇಳಿಸಲೇ ಇಲ್ಲ. ಹೊರಗೆ ಬಂದು, "ದೇವರನ್ನ ನೋಡೋಕೆ ಬೇರೆ ದಿನ ಎರಡೂವರೆ ಸಾವಿರ ರೂಪಾಯಾ? ತಿರುಪತೀಲಿ ಸ್ಪೆಶಲ್ ದರ್ಶನಕ್ಕೇ ಮುನ್ನೂರು!" ಅಂದರು. ಮೂರು ದಿನದಲ್ಲಿ ಅಮ್ಮನಿಗೆ ಅತ್ಯಂತ ಇಷ್ಟವಾದದ್ದು ಪಾಸ್ ನಡೆಯದ ಆ ಒಂದು ಗಂಟೆ.

ಮನೆಗೆ ಬಂದು ಲೆಕ್ಕ ಹಾಕಿದೆ. ರಿಯಾಯಿತಿ ಹಿಡಿದು ಬಿಡಿ ಟಿಕೆಟ್ ತಗೊಂಡಿದ್ದರೆ ತಲೆಗೆ 80 ಪೌಂಡಿನ ಸುತ್ತ ಆಗ್ತಿತ್ತು. ಕೊಟ್ಟದ್ದು 125ರ ಮೇಲೆ. ಅಪ್ಪನ ಮಂಡಿ ಊದಿಕೊಂಡಿತ್ತು. ಉಳಿದ ಎರಡು ವಾರ ನಮ್ಮ ಮನೆಯ ಸೋಫಾ ಬಿಟ್ಟು ಏಳಲಿಲ್ಲ.

*

ಈಗ ಎದುರು ವಾದಗಳು.

"ಸಾಲಲ್ಲಿ ನಿಲ್ಲೋದು ತಪ್ಪುತ್ತೆ." ತಪ್ಪೋದು ಟಿಕೆಟ್ ಸಾಲು. ಬ್ಯಾಗ್ ತಪಾಸಣೆ ಸಾಲು ಎಲ್ಲರಿಗೂ ಒಂದೇ. ಮನೆಯಲ್ಲೇ ಆನ್‌ಲೈನ್ ಬುಕ್ ಮಾಡಿದರೂ ಟಿಕೆಟ್ ಸಾಲು ತಪ್ಪುತ್ತೆ.

"ಅಪ್ಪ-ಅಮ್ಮ ದುಡ್ಡು ನೋಡಿ ಒಳಗೇ ಬರಲ್ಲ." ಇದು ನಿಜವಾದ ಕಾರಣ, ಒಪ್ಪಿದೆ. ಅದಕ್ಕೆ ಪಾಸ್ ಯಾಕೆ? ಮೊದಲೇ ಬುಕ್ ಮಾಡಿ, ಎಷ್ಟು ಅಂದ್ರೆ ಸುಳ್ಳು ಹೇಳಿ. ನಮ್ಮ ಶಾಲೆ ಫೀಸಿನ ಬಗ್ಗೆ ಅವರು ನಮಗೆ ಹೇಳಿರಲಿಲ್ಲವಾ?

"ಸುತ್ತಾಡೋ ಬಸ್ಸೂ ಸೇರಿರುತ್ತೆ." ಟ್ರಫಾಲ್ಗರ್ ಸ್ಕ್ವೇರಿನಲ್ಲಿ ಕೆಂಪು ಡಬಲ್ ಡೆಕರ್ 15ನೇ ನಂಬರ್ ಹತ್ತಿದ್ದೆವು, ಮೇಲಿನ ಮುಂದಿನ ಸೀಟು. ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್, ಟವರ್ ಎಲ್ಲ ಕಣ್ಣ ಮುಂದೆ. ಆಗ ಅದರ ಚಾರ್ಜು 1.75 ಪೌಂಡ್.

"ನನ್ನ ತಮ್ಮ ದಿನಕ್ಕೆ ಐದು ಜಾಗ ನೋಡಿ ಲಾಭ ಮಾಡ್ಕೊಂಡ." ಮಾಡಿರ್ತಾನೆ. ಇಪ್ಪತ್ತೈದರ ವಯಸ್ಸು, ಒಳ್ಳೆ ಶೂ, ಒಬ್ಬನೇ, ದೂರದ ದುಬಾರಿ ಅರಮನೆಗಳನ್ನೇ ಆರಿಸಿಕೊಂಡಿರ್ತಾನೆ. ಅಂಥವರಿಗೆ ಪಾಸ್ ಸರಿ. ಆದರೆ "ಎಷ್ಟು ನೋಡಿದೆ" ಅಂತ ಹೇಳ್ತಾನೋ, "ಏನು ನೋಡಿದೆ" ಅಂತ ಹೇಳ್ತಾನೋ ಒಮ್ಮೆ ಗಮನಿಸಿ.

ನನ್ನ ಸಿಟ್ಟೆಲ್ಲ ಇದಕ್ಕೇ. ಪಾಸ್ ಕೈಗೆ ಬರೋ ತನಕ "ಏನು ನೋಡಬೇಕು" ಅನ್ನೋ ಪ್ರಶ್ನೆ ಇರುತ್ತೆ. ಬಂದ ಮೇಲೆ "ಹಾಕಿದ ದುಡ್ಡು ಹೇಗೆ ಹುಟ್ಟಿಸಬೇಕು" ಅನ್ನೋದೊಂದೇ ಉಳಿಯುತ್ತೆ. ಊಟ ಬೇಡದಿದ್ದರೂ ಬಫೆಯಲ್ಲಿ ಮೂರನೇ ಜಾಮೂನು ತುರುಕೋ ಬುದ್ಧಿ ನಮಗೆ ಹೇಗೂ ಇದೆ. ಅದನ್ನ ಅಪ್ಪ-ಅಮ್ಮನ ಮಂಡಿ ಮೇಲೆ ಪ್ರಯೋಗಿಸಬೇಡಿ.

ಹಾಗಾದ್ರೆ ಏನು ಮಾಡ್ಬೇಕು? ಪಾಸಿನ ಪಟ್ಟಿ ತೆರೆಯೋ ಮೊದಲು, ಬರುವವರನ್ನೇ ಕೇಳಿ ಒಂದು ಹಾಳೆ ಮೇಲೆ ಬರೀರಿ. ದಿನಕ್ಕೆ ಒಂದು ದೊಡ್ಡ ಜಾಗ, ಒಂದು ಬಿಟ್ಟಿ ಜಾಗ, ಮಧ್ಯೆ ಪಾರ್ಕಿನಲ್ಲಿ ಡಬ್ಬಿಯ ಚಿತ್ರಾನ್ನ. ಯಾವ ವಾರ ರಜೆ ನೋಡಿ. ಹಿರಿಯರ ದರ ಹಾಕಿ ಕೂಡಿಸಿ. ಅಷ್ಟಾದ ಮೇಲೂ ಪಾಸೇ ಅಗ್ಗ ಬಂದರೆ ಧಾರಾಳವಾಗಿ ಕೊಳ್ಳಿ, ನನ್ನ ತಕರಾರಿಲ್ಲ. ನಾನು ಇದನ್ನ ಮೂವರು ಗೆಳೆಯರಿಗೆ ಮಾಡಿಸಿದೆ, ಮೂವರಿಗೂ ಬರಲಿಲ್ಲ.

ಹೀಥ್ರೂ ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ಮೇಲೆ ಕೂತ ಅಪ್ಪ ಅಂದಿದ್ದರು, "ಎಲ್ಲಾ ಚೆನ್ನಾಗಿ ತೋರಿಸ್ದೆ ಕಣೋ. ಆ ಹುಲಿ ಹೊಟ್ಟೇಲಿರೋ ಆರ್ಗನ್ ಕೀಲಿ ಎಣಿಸ್ತಾ ಇದ್ದೆ. ಹನ್ನೊಂದಕ್ಕೆ ನೀನು ಕರೆದೆ."

ಹದಿನೆಂಟು ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದನ್ನ ಒಂದು ಸಲ ಸ್ವಂತ ಕಣ್ಣಲ್ಲಿ ಎಣಿಸಬೇಕಿತ್ತು, ಅಷ್ಟೇ. ಈಗ ಅಷ್ಟು ದೂರದ ವಿಮಾನ ಪ್ರಯಾಣ ಬೇಡ ಅಂದಿದ್ದಾರೆ ಡಾಕ್ಟರು.

ಏಳು ಕೀಲಿ ಬಾಕಿ ಉಳಿದಿದೆ. ಯಾವ ಪಾಸಿನಲ್ಲೂ ಅದು ಬರೋದಿಲ್ಲ.