ಒರೆಸಿ ನೋಡದೆ ಇಂಜಿನ್ ಬಿಚ್ಚಬೇಡಿ

ಸ್ಕೂಟರ್ ನಿಲ್ಲಿಸಿದ ಜಾಗದಲ್ಲಿ ರೂಪಾಯಿ ಅಗಲದ ಕಪ್ಪು ಕಲೆ ಕಂಡರೆ ನಮ್ಮಲ್ಲಿ ಎರಡೇ ಥರದ ಪ್ರತಿಕ್ರಿಯೆ. ಒಂದು, "ಹಳೇ ಗಾಡಿ ಅಲ್ವಾ, ಸೋರತ್ತೆ ಬಿಡಿ" ಅಂತ ಮೇಲಿಂದ ಆಯಿಲ್ ಸುರಿದು ಸುಮ್ಮನಾಗುವುದು. ಇನ್ನೊಂದು, "ಇಂಜಿನ್ ಇಳಿಸಬೇಕು ಸಾರ್" ಅನ್ನುವ ಮಾತಿಗೆ ತಲೆಯಾಡಿಸಿ ಸಾವಿರಾರು ರೂಪಾಯಿ ಎಣಿಸುವುದು. ನನ್ನ ಪ್ರಕಾರ ಎರಡೂ ತಪ್ಪು. ಇವೆರಡರ ಮಧ್ಯೆ ಯಾರೂ ಮಾಡದ ಒಂದು ಕೆಲಸ ಇದೆ. ಆಯಿಲ್ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು!

ಮೊದಲನೆಯ ಧೋರಣೆ ಟೂ ಸ್ಟ್ರೋಕ್ ಕಾಲದಿಂದ ಬಂದಿದ್ದು ಅನ್ನಿಸುತ್ತದೆ. ೧೯೭೨ರಲ್ಲಿ ಬಂದ ಬಜಾಜ್ ಚೇತಕ್ ನಮ್ಮ ಎಷ್ಟೋ ಮನೆಗಳ ಮೊದಲ ವಾಹನ. ಅದರಲ್ಲಿ ಇಂಜಿನ್ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತಿದ್ದರು, ಅದು ಉರಿದೇ ಹೋಗುತ್ತಿತ್ತು. ಕೆಳಗೆ ತೊಟ್ಟಿಕ್ಕುತ್ತಿದ್ದದ್ದು ಹೆಚ್ಚಾಗಿ ಗೇರ್ ಆಯಿಲ್. ನಾಲ್ಕು ಹನಿ ಹೋದರೆ ಗಾಡಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಸ್ಕೂಟರ್ ಅಂದಮೇಲೆ ಸೋರಬೇಕು ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಆದರೆ ೨೦೦೧ರಲ್ಲಿ ಹೋಂಡಾ ಆಕ್ಟಿವಾ ಬಂದ ಮೇಲೆ ರಸ್ತೆಗೆ ಇಳಿದ ಸ್ಕೂಟರುಗಳಲ್ಲಿ ಫೋರ್ ಸ್ಟ್ರೋಕೇ ಜಾಸ್ತಿ. ಇವುಗಳ ಲೆಕ್ಕವೇ ಬೇರೆ. ೧೧೦ ಸಿಸಿ ಸ್ಕೂಟರಿನ ಹೊಟ್ಟೆಯಲ್ಲಿ ಇರುವುದು ಸುಮಾರು ೭೦೦ ಮಿಲಿಲೀಟರ್ ಆಯಿಲ್, ಅಂದರೆ ಒಂದು ಲೀಟರ್ ಕೂಡ ಇಲ್ಲ. ಅದೇ ಆಯಿಲ್ ತಿರುಗುತ್ತಾ ಕ್ರ್ಯಾಂಕ್ ಬೇರಿಂಗು, ಕ್ಯಾಮ್, ಪಿಸ್ಟನ್ ಎಲ್ಲವನ್ನೂ ನೋಡಿಕೊಳ್ಳಬೇಕು, ಬಿಸಿಯನ್ನೂ ಹೊತ್ತು ಹೋಗಬೇಕು. ೨೦೦ ಮಿಲಿ ಸೋರಿತು ಅಂದರೆ ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು! ಬಹಳಷ್ಟು ಸ್ಕೂಟರುಗಳಲ್ಲಿ ಆಯಿಲ್ ಕಮ್ಮಿಯಾಯಿತು ಅಂತ ಹೇಳುವ ದೀಪವೂ ಇರಲ್ಲ. ಇಂಜಿನ್ ಹಿಡಿದುಕೊಂಡಾಗಲೇ ಗೊತ್ತಾಗೋದು.

ಇನ್ನು ಎರಡನೆಯದು, ಸೀದಾ ಬಿಚ್ಚುವುದು. ಇಲ್ಲಿ ಒಂದು ವಿಷಯ ನೆನಪಿಡಿ. ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಕೂಲಿಂಗ್ ಫ್ಯಾನಿನ ಗಾಳಿ ಆಯಿಲನ್ನು ಇಂಜಿನ್ ತುಂಬಾ ಬಳಿದುಬಿಡುತ್ತದೆ, ಮೇಲೆ ಧೂಳು ಕೂತು ಎಲ್ಲಾ ಕಪ್ಪು. ಆ ಕಪ್ಪು ಮುದ್ದೆ ನೋಡಿ "ಗ್ಯಾಸ್ಕೆಟ್ ಹೋಗಿದೆ" ಅನ್ನುವುದು ಊಹೆ ಅಷ್ಟೇ. ಇಂಜಿನ್ ತಣ್ಣಗಿರುವಾಗ ಎಲ್ಲಾ ಒರೆಸಿ, ಸೋಪಿನ ನೀರು ಹಚ್ಚಿ ತೊಳೆದು ಒಣಗಿಸಿ. ಅನುಮಾನ ಇರುವ ಕೀಲುಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನೇ ಉದುರಿಸಿ. ಬಯಲಲ್ಲಿ ಹತ್ತು ನಿಮಿಷ ಇಂಜಿನ್ ಓಡಿಸಿ. ಆಫ್ ಮಾಡಿ ಟಾರ್ಚ್ ಹಿಡಿದು ನೋಡಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೇ ಸಾಮಾನ್ಯವಾಗಿ ಕಳ್ಳ. ಕೆಳಗಿನದೆಲ್ಲ ಹರಿದು ಬಂದದ್ದು.

ಹೀಗೆ ನೋಡಿದರೆ ಎಷ್ಟೋ ಸಲ ಸಣ್ಣ ಕಾರಣವೇ ಸಿಗುತ್ತದೆ. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು ಹಾಕಬೇಕು, ಹಳೆಯದನ್ನೇ ಹಾಕಿರುತ್ತಾರೆ. ಸ್ಟ್ರೈನರ್ ಮುಚ್ಚಳದ ಓ-ರಿಂಗ್, ಟ್ಯಾಪೆಟ್ ಕವರಿನ ರಬ್ಬರ್ ಬಿಸಿಗೆ ಗಟ್ಟಿಯಾಗಿರುತ್ತವೆ. ಇವಕ್ಕೆ ಇಂಜಿನ್ ಇಳಿಸಬೇಕಿಲ್ಲ.

ಕೆಲವು ಸಲ ಯಾವ ಭಾಗವೂ ಕೆಟ್ಟಿರಲ್ಲ, ಒಳಗಿನ ಒತ್ತಡ ಹೆಚ್ಚಾಗಿರುತ್ತದೆ. ಆಯಿಲ್ ಅಳತೆ ಮೀರಿ ಸುರಿದಿದ್ದರೆ, ಇಲ್ಲವೇ ಬ್ರೀದರ್ ಪೈಪು ಕಟ್ಟಿಕೊಂಡಿದ್ದರೆ, ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಅದು ಸೀಲುಗಳ ಸಂದಿಯಲ್ಲಿ ಆಯಿಲನ್ನು ನೂಕುತ್ತದೆ. ಏರ್ ಫಿಲ್ಟರ್ ಡಬ್ಬದಲ್ಲಿ ಆಯಿಲ್ ನಿಂತಿದ್ದರೆ ಇದೇ ಗುಮಾನಿ. ಇಲ್ಲಿ ಹೊಸ ಸೀಲ್ ಹಾಕಿದರೂ ತಿಂಗಳಲ್ಲಿ ಮತ್ತೆ ಅದೇ ಕಥೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಲಾಗ್ ಓದದೆ ಕೋಡ್ ತಿದ್ದಿದ ಹಾಗೆ :-)

ಅಳತೆ ನೋಡುವುದರಲ್ಲೂ ಗೊಂದಲ ಇದೆ. ಹೋಂಡಾ ಸ್ಕೂಟರುಗಳಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಡಿಪ್‌ಸ್ಟಿಕ್ಕನ್ನು ತಿರುಪದೆ ಸುಮ್ಮನೆ ಇಳಿಬಿಟ್ಟು ತೆಗೆದು ನೋಡಬೇಕು. ತಿರುಪಿ ನೋಡಿದರೆ ಕಡ್ಡಿ ಇನ್ನೂ ಒಳಗೆ ಇಳಿದು, ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಬೇರೆ ಕಂಪನಿಯ ಗಾಡಿಗೆ ಅದರ ಪುಸ್ತಕ ನೋಡಿ.

ಹಾಗಂತ ಎಲ್ಲಾ ಲೀಕೂ ಸಣ್ಣದಲ್ಲ. ಬೆಲ್ಟ್ ಇರುವ ಕಡೆಯ ಕ್ರ್ಯಾಂಕ್ ಸೀಲ್ ಹೋದರೆ ಬೆಲ್ಟಿಗೆ ಆಯಿಲ್ ತಗಲಿ ಜಾರುತ್ತದೆ. ಹಿಂದಿನ ಚಕ್ರದ ಸೀಲ್ ಹೋದರೆ ಗೇರ್ ಆಯಿಲ್ ಡ್ರಮ್ ಒಳಗೆ ಇಳಿದು ಬ್ರೇಕ್ ಶೂ ನೆನೆಯುತ್ತದೆ. ಅಲ್ಲಿ ದುಡ್ಡಿನ ಮುಖ ನೋಡಬೇಡಿ, ಆ ಗಾಡಿ ಓಡಿಸಲೇ ಬೇಡಿ. ಇಂಥದ್ದು ಗ್ಯಾರೇಜಿನ ಕೆಲಸವೇ.

ಗಮ್ ಬಳಿಯುವ ರಿಪೇರಿ ಮಾತ್ರ ನನಗೆ ಕಂಡರಾಗದು. ಒದ್ದೆ ಜಾಗಕ್ಕೆ ಹೊರಗಿನಿಂದ ಮೆತ್ತಿದ ಸೀಲೆಂಟ್ ಹಿಡಿಯಲ್ಲ. ಕೀಲಿನ ಒಳಗೆ ಅತಿಯಾಗಿ ಹಚ್ಚಿದರೆ ಚೂರು ಕಿತ್ತು ಹೋಗಿ ಸ್ಟ್ರೈನರಿಗೆ ಅಡ್ಡ ಕೂರುತ್ತದೆ. ಬೋಲ್ಟನ್ನು ಇನ್ನೊಂದು ಸುತ್ತು ಬಿಗಿಯುವುದೂ ಅಷ್ಟೇ. ಅಲ್ಯೂಮಿನಿಯಂ ಮರೆ ಕಿತ್ತರೆ ಇಪ್ಪತ್ತು ರೂಪಾಯಿ ಕೆಲಸ ಎರಡು ಸಾವಿರಕ್ಕೆ ಹೋಗುತ್ತದೆ.

ಇದರಲ್ಲಿ ಮೆಕ್ಯಾನಿಕ್ಕುಗಳನ್ನು ಮಾತ್ರ ಬೈದರೆ ನ್ಯಾಯವಲ್ಲ. ನಾವು ಅವರಿಗೆ ಹಾಕಿದ ಪಾರ್ಟಿಗೆ ದುಡ್ಡು ಕೊಡುತ್ತೇವೆ, ಹುಡುಕಿದ ಅರ್ಧ ಗಂಟೆಗೆ ಕೊಡಲ್ಲ. "ಏನೂ ಹಾಕಿಲ್ಲ, ಬರೀ ನೋಡಿದ್ದಕ್ಕೆ ದುಡ್ಡಾ?" ಅಂತ ಕೇಳುವವರು ನಾವೇ. ಡಾಕ್ಟರಿಗೆ ನೋಡಿದ್ದಕ್ಕೇ ಫೀಸು ಕೊಡುವ ನಾವು ಇಲ್ಲಿ ಮಾತ್ರ ಜುಗ್ಗರು. ಹಾಗಾದಾಗ ಅವನು ಏನಾದರೂ ಬದಲಾಯಿಸಲೇಬೇಕಲ್ಲವೇ, ಹೊಟ್ಟೆ ಕೇಳಬೇಕಲ್ಲ!

ಆದ್ದರಿಂದ ಮುಂದಿನ ಸಲ ಗ್ಯಾರೇಜಿಗೆ ಹೋದಾಗ "ಲೀಕ್ ನಿಲ್ಲಿಸಿ" ಅನ್ನಬೇಡಿ. "ತೊಳೆದು, ಎಲ್ಲಿಂದ ಅಂತ ತೋರಿಸಿ, ಅದಕ್ಕೆ ಬೇರೆ ದುಡ್ಡು ಕೊಡ್ತೀನಿ" ಅನ್ನಿ. ತೋರಿಸಿದ ಮೇಲೆ ರಿಪೇರಿ ಮಾತಾಡಿ. ಏನಂತೀರಿ?